ಡ್ಯೂಯಿಯ ರೈಫಲ್ಲು, ನನ್ನ ರೈಫಲ್ಲು

ಹಾರ್ಲನ್ ಕ್ರೀಕ್, ಮೊಂಟಾನಾ
ಭಾನುವಾರ, ಸೆಪ್ಟೆಂಬರ್ ೨೩, ೧೯೫೬

ಪ್ರೀತಿಯ ಅಪ್ಪ,

ಎದೆ ಹೇಗಿದೆ? ಅರಿಝೋನಾದ ಒಣಹವೆ ನಿಮಗೆ ಹಿಡಿಸಿದೆ, ಕೆಮ್ಮು ಅರ್ಧಕ್ಕರ್ಧ ಇಳಿದಿದೆ ಎಂದು ಗುಡ್ರುನ್ ಅತ್ತೆ ಬರೆದಿದ್ದಾರೆ. ನೀವು ಹಿತ್ತಲಲ್ಲಿ ಕದ್ದು ಪೈಪು ಸೇದುತ್ತೀರಿ ಎಂಬುದೂ ಅದೇ ಕಾಗದದಲ್ಲಿದೆ. ಹಾಗಾಗಿ ಮೊದಲನೆಯ ಮಾತನ್ನು ಎಷ್ಟು ನಂಬಬೇಕೋ ತಿಳಿಯದು. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮ ಕೆಂದು ಕುದುರೆ ಬೇಲಿಯ ಬಳಿ ಯಾರ ಟೋಪಿ ಕಂಡರೂ ನೀವೇ ಬಂದಿರೆಂದು ಓಡಿಬರುತ್ತಾಳೆ. ಟೋಪಿಯ ಕೆಳಗೆ ನನ್ನ ಮುಖ ಕಂಡರೆ ಮೂಗರಳಿಸಿ ಹಿಂದಿರುಗುತ್ತಾಳೆ.

ಇನ್ನು ರೈಫಲ್ಲಿನ ವಿಷಯ. "ನಾನು ಬರೋ ತನಕ ಕಾಯಿ ರಾಗ್ನಾ, ಬಿಡಿಭಾಗಗಳನ್ನ ನಾನೇ ಆರಿಸಿಕೊಡ್ತೀನಿ" ಎಂದು ಬರೆದಿದ್ದಿರಿ. ಕಾಯಲಿಲ್ಲ. ನನಗೆ ಮೂವತ್ತೊಂದು ತುಂಬಿತು. ಅದರಲ್ಲಿ ಹದಿನಾಲ್ಕು ವರ್ಷ ನಿಮ್ಮ ಅಂಗಡಿಯಲ್ಲಿ ಪರರ ರೈಫಲ್ಲುಗಳ ಮರ ಉಜ್ಜಿದ್ದೇನೆ, ಎಣ್ಣೆ ತಿಕ್ಕಿದ್ದೇನೆ, ಸ್ಕ್ರೂ ಬಿಚ್ಚಿ ನಿಮ್ಮ ಕೈಗೆ ಕೊಟ್ಟಿದ್ದೇನೆ. ಆದಿಯಿಂದ ಕೊನೆಯವರೆಗೆ ನನ್ನದೇ ಎನ್ನುವ ಒಂದನ್ನು ಈ ಸಲದ ಎಲ್ಕ್ ಕಡವೆಗಳ ಬೇಟೆ ಶುರುವಾಗುವ ಮುಂಚೆ ಮಾಡಿಯೇ ತೀರಬೇಕೆಂದು ಹಟ ಹಿಡಿದೆ. ನಳಿಗೆ ಗಿಡ್ಡದನ್ನು ಆರಿಸಿದೆ. ನೀವು ಬಯಲಲ್ಲಿ ನಿಂತು ದೂರಕ್ಕೆ ಗುರಿಯಿಡುವವರು, ನಾನು ತೊರೆಯ ಆಚೆಯ ದಟ್ಟ ಪೈನ್ ಮರಗಳ ನಡುವೆ ನುಸುಳುವವಳು. ಉದ್ದ ನಳಿಗೆಗೆ ಅಲ್ಲಿ ಪ್ರತಿ ಕೊಂಬೆಯ ಜೊತೆಗೂ ಜಗಳ. ಹಿಡಿಗೆ ನೀವು ಮೆಚ್ಚುವ ಸುಳಿಸುಳಿ ಎಳೆಯ ಆಕ್ರೋಟ್ ಮರ ಬೇಡವೆಂದೆ. ಚೆಂದವೇನೋ ಹೌದು, ಆದರೆ ಹಿಡಿಯ ಸಪೂರ ಕತ್ತಿನ ಬಳಿ ಅಂಥ ಮರ ಸೀಳುವುದನ್ನು ನಿಮ್ಮ ಬೆಂಚಿನ ಮೇಲೇ ನಾಲ್ಕು ಸಲ ನೋಡಿದ್ದೇನೆ. ನೇರ ಎಳೆಯ ಸಾದಾ ತುಂಡು ತಂದೆ. ಬೈಯುವುದಿದ್ದರೆ ಒಂದೇ ಸಲ ಬೈದುಬಿಡಿ.

ಉಳಿದದ್ದು ಆ್ಯಕ್ಷನ್, ಬೋಲ್ಟು ಕೂತು ತೋಟಾ ಸಿಡಿಯುವ ಉಕ್ಕಿನ ಒಡಲು. ಅದನ್ನು ಆರಿಸುವಾಗ ಮಾತ್ರ ನಿಮ್ಮ ದನಿ ನನ್ನ ಕಿವಿಯಲ್ಲೇ ಇತ್ತು. "ನಳಿಗೆ ಕೆಟ್ಟರೆ ಎಲ್ಕ್ ಬದುಕಿಕೊಳ್ಳುತ್ತೆ. ಬೋಲ್ಟು ಕೂರೋ ಉಕ್ಕು ಕೆಟ್ಟರೆ ನಿನ್ನ ಮುಖ ಉಳಿಯಲ್ಲ" ಎನ್ನುತ್ತಿದ್ದಿರಲ್ಲ, ಅದು. ಆಗಸ್ಟ್ ಕೊನೆಯಲ್ಲಿ ರೈತರ ಸಂಘದ ಸಭಾಂಗಣದಲ್ಲಿ ಹಳೆ ಬಂದೂಕುಗಳ ಮಾರಾಟ ಇಟ್ಟಿದ್ದರು. ಕಣಿವೆಯಾಚೆಯ ಒರಿನ್ ಸ್ಟ್ರೀಟರ್ ಅಲ್ಲಿಗೆ ಯುದ್ಧಕಾಲದ ಜರ್ಮನ್ ರೈಫಲ್ಲಿನ ಆ್ಯಕ್ಷನ್ ಒಂದನ್ನು ತಂದಿದ್ದ. ಮೈಮೇಲೆ ಹೊಸ ನೀಲಿ ಬಣ್ಣ, ಕನ್ನಡಿಯ ಹೊಳಪು. ಕೈಗೆತ್ತಿಕೊಂಡಾಗ ಮನಸ್ಸು ಸೋತಿತು, ಸುಳ್ಳೇಕೆ ಹೇಳಲಿ. ಬೋಲ್ಟು ಎಳೆದೆ, ಬೆಣ್ಣೆಯಂತೆ ಜಾರಿತು. ದೊಡ್ಡ ಸ್ಪ್ರಿಂಗು ಹೊಸದು. ಆದರೆ ಪಕ್ಕದ ಚಿಕ್ಕ ಪಟ್ಟಿ ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಒತ್ತಿದರೆ ಒತ್ತಿದಲ್ಲೇ ಸತ್ತು ಮಲಗಿತು. ತಿರುಗಿಸಿ ಒಳಗೆ ನೋಡಿದೆ. ಹೊರಗೆ ಉಜ್ಜಿದ ಕೈ ಒಳಮೂಲೆಗೆ ತಲುಪಿರಲಿಲ್ಲ, ಅಲ್ಲಿ ಬೂದುಬಣ್ಣದ ಹೊಪ್ಪಳೆ ಇತ್ತು. ಸುಟ್ಟ ಒಲೆಯ ತಗಡಿನ ಮೇಲಿರುತ್ತದಲ್ಲ, ಹಾಗೆ. ಜೇಬಿನಿಂದ ಚಿಕ್ಕ ಅರ ತೆಗೆದು ಕಾಣದ ಕಡೆ ಒಮ್ಮೆ ಎಳೆದೆ. ಜಾರಬೇಕಾದ ಅರ ಕಚ್ಚಿತು, ಉಕ್ಕು ಮೆತ್ತಗಾಗಿತ್ತು.

"ಒರಿನ್, ಇದು ಬೆಂಕೀಲಿ ಬಿದ್ದಿತ್ತಾ?" ಎಂದೆ.

"ನಿಮ್ಮಪ್ಪನ ಅಂಗಡೀಲಿ ಕಸ ಗುಡಿಸಿದವರೆಲ್ಲ ಪಂಡಿತರಾದ್ರೆ ನಾವೆಲ್ಲಿ ಹೋಗೋದು?" ಎಂದು ಅವನು ಸುತ್ತಲಿದ್ದವರನ್ನು ನಗಿಸಿದ. "ಬಣ್ಣ ಹಿಡಿಸ್ಲಿಲ್ವಾ? ಕೆಂಪು ಬಳಿದು ಕೊಡ್ಲಾ?"

ಅದನ್ನು ಮೇಜಿನ ಮೇಲಿಟ್ಟು ಬಂದೆ. ಅಪ್ಪ, ನಾನು ತಪ್ಪಿದ್ದು ಅಲ್ಲೇ. ಅವರ ನಗುವಿಗೆ ಕಿವಿ ಬಿಸಿಯಾಗಿ ಸುಮ್ಮನೆ ಬಂದುಬಿಟ್ಟೆ. ಗಟ್ಟಿಯಾಗಿ ನಾಲ್ಕು ಜನಕ್ಕೆ ಕೇಳುವಂತೆ ಹೇಳಬೇಕಿತ್ತು, ಹೇಳಲಿಲ್ಲ.

ಎರಡು ವಾರದ ನಂತರ ನಮ್ಮ ಬೇಲಿಯಾಚೆಯ ಡ್ಯೂಯಿ, ಇಸ್ಪೀಟಿನಲ್ಲಿ ನಿಮಗೆ ಸೋಲುವುದಕ್ಕೆಂದೇ ಹುಟ್ಟಿದ ನಿಮ್ಮ ಡ್ಯೂಯಿ ಟಾಲರ್, ಬೇಲಿಯ ಬಳಿ ನಿಂತು ಕೂಗಿದ. "ರಾಗ್ನಾ, ನಿಂದಿನ್ನೂ ಮರದ ತುಂಡಾಗೇ ಇದೆಯಲ್ಲೇ! ನಂದು ಮುಗೀತು. ನಾಳೆ ಮೊದಲ ಗುಂಡು ಮೇಬೆಲ್ ಹೊಡೀತಾಳೆ, ಆಮೇಲೆ ನಾನು." ರೈಫಲ್ಲನ್ನು ಎತ್ತಿ ತೋರಿಸಿದ. ಆ ನೀಲಿ ಹೊಳಪಿನ ಗುರುತು ಬೇಲಿಯಿಂದಲೇ ಸಿಕ್ಕಿತು, ಒರಿನ್ ಮಾರಲು ತಂದಿದ್ದ ಆ್ಯಕ್ಷನ್ನೇ ಅದು.

ಬೇಲಿ ಹಾರಿ ಹೋಗಿ ಎಲ್ಲವನ್ನೂ ಹೇಳಿ, ಮೊದಲು ದಾರ ಕಟ್ಟಿ ದೂರದಿಂದ ಹೊಡೆದು ನೋಡೋಣ ಎಂದೆ. ಡ್ಯೂಯಿ ನಕ್ಕ. "ನಂದು ನಿಂಗಿಂತ ಮೊದಲು ಮುಗೀತು ಅಂತ ಹೊಟ್ಟೆಕಿಚ್ಚು ಕಣೇ." ನಾನು ಡ್ಯೂಯಿಯನ್ನು ಬಿಟ್ಟು ಅವನ ಹೆಂಡತಿಯ ಕಡೆ ತಿರುಗಿದೆ. ಮೇಬೆಲ್ ಸೇಬು ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟು, "ಇವಳು ಹೊಟ್ಟೆಕಿಚ್ಚಿಗೆ ಬೇಲಿ ಹಾರೋಳಲ್ಲ. ಇವಳು ಹೇಳಿದ ಹಾಗೆ ಮಾಡು, ಇಲ್ಲಾಂದ್ರೆ ಇವತ್ತಿಂದ ನಿನ್ನ ಅಡುಗೆ ನೀನೇ ಮಾಡ್ಕೋ" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ, ನೀವು ಅನುಮಾನದ ಬಂದೂಕಿಗೆ ಮಾಡುತ್ತಿದ್ದಂತೆ, ಅದನ್ನು ಟ್ರಾಕ್ಟರಿನ ಹಳೆ ಟೈರಿಗೆ ಬಿಗಿದು ಗುಡ್ಡದ ಕಡೆ ಮುಖ ಮಾಡಿಸಿದೆವು. ಟ್ರಿಗರಿಗೆ ಉದ್ದನೆಯ ದಾರ ಕಟ್ಟಿ, ಮೂವರೂ ದಪ್ಪ ದಿಮ್ಮಿಗಳ ರಾಶಿಯ ಹಿಂದೆ ಕೂತೆವು. ಸಾಮಾನ್ಯ ತೋಟಾ, ಮೂರು ಸಲ, ಅದು ನನ್ನ ಷರತ್ತು. ಮೊದಲನೆಯದು ಏನೂ ಆಗದೆ ಹಾರಿತು. ಡ್ಯೂಯಿ ಎದ್ದೇ ನಿಂತ. "ಆಯ್ತಲ್ಲ, ಬಿಚ್ಚು. ಉಳಿದದ್ದು ಹೆಗಲ ಮೇಲೇ ಹೊಡೀತೀನಿ." ಮೇಬೆಲ್ ಅವನ ಬೆಲ್ಟು ಹಿಡಿದು ಕೂರಿಸಿದಳು. ಎರಡನೆಯದಕ್ಕೆ ಮೆತ್ತಗಿನ ಉಕ್ಕು ಅದುಮಿಕೊಂಡು ಬೋಲ್ಟು ತೆರೆಯಲಿಲ್ಲ. ಮರದ ಸುತ್ತಿಗೆಯಿಂದ ಬಡಿದು ಬಿಡಿಸಬೇಕಾಯಿತು. ನಿಜ ಹೇಳುತ್ತೇನೆ, ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಡ್ಯೂಯಿ ವಾರ ಕಳೆದ ಮೇಲೆ ಬೋಲ್ಟಿಗೆ ಎಣ್ಣೆ ಹಾಕಿ ಬೇಟೆಗೆ ಹೋಗುತ್ತಿದ್ದ. ಅವನನ್ನು ನಾನು ಬಲ್ಲೆ. ದಾರ ಎಳೆದೆ.

ಆ ಸದ್ದು ಬಂದೂಕಿನ ಸದ್ದಾಗಿರಲಿಲ್ಲ, ತಗಡಿನ ಚಾವಣಿ ಕುಸಿದ ಹಾಗಿತ್ತು. ಹೊಗೆ ಹೋದ ಮೇಲೆ ನೋಡಿದರೆ ಹಿಡಿ ಉದ್ದಕ್ಕೆ ಸೀಳಿತ್ತು, ತೋಟಾದ ಬುಡ ಹರಿದಿತ್ತು. ಅಂಗೈಯುದ್ದದ ಮರದ ಚೂರೊಂದು ಹೊಡೆಯುವವರ ಕೆನ್ನೆ ಇರುವ ಜಾಗದಿಂದ ಹಾರಿ ಟೈರಿಗೆ ನೆಟ್ಟು ನಿಂತಿತ್ತು. ಮೇಬೆಲ್ ಅದನ್ನು ಎರಡು ಕೈಯಲ್ಲಿ ಹಿಡಿದು ಎಳೆದಳು, ಬರಲಿಲ್ಲ. ಡ್ಯೂಯಿ ಅದರ ಚೂಪನ್ನು ಬೆರಳಿಂದ ಮುಟ್ಟಿ, "ಮೊದಲ ಗುಂಡು ಇವಳೇ ಹೊಡೀಲಿ ಅಂದಿದ್ದೆ" ಎಂದ. ನಾನು ಕೊಟ್ಟಿಗೆಯ ಹಿಂದೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದೆ.

ಒರಿನ್‌ನ ಮನೆಗೆ ಮೂವರೂ ಹೋದೆವು. ಡ್ಯೂಯಿ ಆ ಸೀಳಿದ ರೈಫಲ್ಲನ್ನು ಅವನ ಊಟದ ಮೇಜಿನ ಮೇಲೆ, ಹುರಿದ ಆಲೂಗಡ್ಡೆಯ ತಟ್ಟೆಯ ಪಕ್ಕದಲ್ಲಿಟ್ಟ. ಒರಿನ್ ಬಿಳಿಚಿಕೊಂಡ. "ಸುಟ್ಟ ಕೊಟ್ಟಿಗೇಲಿ ಸಿಕ್ಕಿದ್ದು. ಬೆಂಕಿ ಹತ್ತಿದ್ದು ಗೊತ್ತಿತ್ತು. ಉಜ್ಜಿದ್ರೆ ಸರಿಹೋಯ್ತು ಅಂದ್ಕೊಂಡೆ. ದೇವರಾಣೆ, ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ." ಅದು ನಿಜವೆಂದೇ ನನಗನ್ನಿಸಿತು. ಅದೇ ಕೊಟ್ಟಿಗೆಯದು ಇನ್ನೊಂದಿದೆ ಎಂದು ಅವನೇ ಒಳಗಿನಿಂದ ತಂದು ಕೊಟ್ಟ. ಅದನ್ನು ಗರಗಸದಿಂದ ಎರಡು ತುಂಡು ಮಾಡಿದೆ. ಅವನೇ ಹಿಡಿದುಕೊಂಡಿದ್ದ.

ನನ್ನ ಆ್ಯಕ್ಷನ್ ಕೊನೆಗೆ ಪಾದ್ರಿ ಎಲ್ಸ್‌ವರ್ತರ ಅಟ್ಟದಲ್ಲಿ ಸಿಕ್ಕಿತು. ನೋಡಿದರೆ ನೀವು ಮೂಗು ಮುರಿಯುತ್ತೀರಿ, ಹೊರಗೆಲ್ಲ ತುಕ್ಕಿನ ಚುಕ್ಕೆ. ಆದರೆ ಸ್ಪ್ರಿಂಗುಗಳು ಬೆರಳನ್ನು ತಿರುಗಿ ಒದೆಯುತ್ತವೆ, ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಚೆಂದದ್ದು ಬೇಕಿದ್ದರೆ ಇನ್ನೊಮ್ಮೆ ಮಾಡಿಕೊಳ್ಳುತ್ತೇನೆ. ಎಲ್ಲ ಜೋಡಿಸಿ, ನನ್ನದನ್ನೂ ಅದೇ ಟೈರಿಗೆ ಕಟ್ಟಿ ಮೂರು ಸಲ ದಾರ ಎಳೆದೆ. ಬೋಲ್ಟು ಮೂರು ಸಲವೂ ಒಂದೇ ಬೆರಳಿಗೆ ತೆರೆಯಿತು. ನಿನ್ನೆ ಹೆಗಲಿಗೇರಿಸಿ ನೂರು ಗಜಕ್ಕೆ ಐದು ಗುಂಡು ಹೊಡೆದೆ. ಕಾಫಿ ಬಟ್ಟಲಿನ ಬಾಯಷ್ಟು ಜಾಗದಲ್ಲಿ ಐದೂ ಇವೆ. ಆ ತೂತುಬಿದ್ದ ಗುರಿಕಾಗದವನ್ನು ಇದರ ಜೊತೆ ಕಳಿಸಿದ್ದೇನೆ. ಗುಡ್ರುನ್ ಅತ್ತೆಗೂ ತೋರಿಸಿ, ಅವರಿಗೆ ಅರ್ಥವಾಗದಿದ್ದರೂ ಪರವಾಗಿಲ್ಲ.

ಬೆಚ್ಚಗಿರಿ. ಡಾಕ್ಟರು ಹೇಳಿದ್ದನ್ನು ಅರ್ಧವಾದರೂ ಕೇಳಿ. ಡ್ಯೂಯಿ ನಿಮಗೆ ನಮಸ್ಕಾರ ಹೇಳಿದ್ದಾನೆ, ಇಸ್ಪೀಟಿಗೆ ಜೊತೆಯಿಲ್ಲದೆ ಸೊರಗಿದ್ದಾನಂತೆ. ಅತ್ತೆಗೆ ನನ್ನ ಮುತ್ತು.

ನಿಮ್ಮ ಮಗಳು,
ರಾಗ್ನಾ ಹೌಗೆನ್

ತಾ. ಕ.: ಸೋಮವಾರ ಬೆಳಿಗ್ಗೆ. ಅಂಚೆಯವನು ಗೇಟಿನಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಡ್ಯೂಯಿಯ ಸುದ್ದಿ ಕಣಿವೆಯೆಲ್ಲ ಹಬ್ಬಿ, ಹನ್ನೊಂದು ಜನ ತಮ್ಮ ರೈಫಲ್ಲುಗಳನ್ನು ನೋಡಿಕೊಡು ಎಂದು ತಂದಿಟ್ಟಿದ್ದಾರೆ, ಒರಿನ್ ಕೂಡ. ನೀವು ಹಾಕಿಹೋದ ಬೀಗ ತೆಗೆದು ಅಂಗಡಿ ತೆರೆದಿದ್ದೇನೆ. ಹೊರಗಿನ ಹಲಗೆಯ ಮೇಲೆ ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಸಿದೆ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಒಪ್ಪಿಗೆ ಕೇಳುತ್ತಿಲ್ಲ ಅಪ್ಪ, ತಿಳಿಸುತ್ತಿದ್ದೇನೆ. ಹಿಡಿಸದಿದ್ದರೆ ವಸಂತಕ್ಕೆ ನೀವೇ ಬಂದು ಕೆರೆದು ಹಾಕಬೇಕು. ಅದಕ್ಕಾದರೂ ಗುಣವಾಗಿ ಬನ್ನಿ.