ಹಳೇ ಮಿಷನ್ ಪ್ರದರ್ಶನ

ಬಾಕ್ಸ್ ಹಿಲ್, ಮೆಲ್ಬರ್ನ್
೧೪ ಮೇ ೨೦೦೭

ಸಭಾಧ್ಯಕ್ಷರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕ ಗಣ್ಯರೇ, ಸಿಗದೆ ಮುಖ ಊದಿಸಿಕೊಂಡ ಮಾನ್ಯರೇ, ಊಟದ ವಾಸನೆ ಹಿಡಿದು ಬಂದ ಮಹಾಜನಗಳೇ,

ಮತ್ತು ಇವರಾರೂ ಅಲ್ಲದ ನನ್ನ ಕಮಿಲ್ಲಸ್,

ಭಾಷಣದಿಂದ ಶುರುಮಾಡಿದ್ದಕ್ಕೆ ಬೈಯಬೇಡ. ನಿನ್ನೆ ಐದು ಭಾಷಣ ಕೇಳಿದ್ದೇನೆ, ಇನ್ನೂ ಜೀರ್ಣವಾಗಿಲ್ಲ. ನಿನ್ನ ಎರಡು ಪತ್ರಗಳಿಗೆ ಉತ್ತರಿಸದೆ ಕೂತದ್ದಕ್ಕೆ ಬೇಕಾದರೆ ಬೈ. ಶಿವಮೊಗ್ಗದ ಹಾಸ್ಟೆಲಿನಿಂದಲೂ ಆ ಹಕ್ಕು ನಿನ್ನದೇ.

ನಿನ್ನ ಹೆಂಡತಿ ಹೇಜಲ್ ಫೋನ್ ಮಾಡಿದ್ದಳು. ಶನಿವಾರ ಇಬ್ಬರೂ ಸಿಡ್ನಿಯಿಂದ ನನ್ನ ಫೋಟೋ ಪ್ರದರ್ಶನಕ್ಕೆ ಬರುತ್ತೀರಂತೆ, ಟಿಕೆಟ್ಟೂ ಬುಕ್ ಮಾಡಿದ್ದೀರಂತೆ. ಬರಬೇಡಿ. ಮುಖ್ಯವಾಗಿ ಅವಳನ್ನು ಕರೆತರಬೇಡ. ಇಲ್ಲಿ ನೋಡುವಂಥದ್ದೇನೂ ಇಲ್ಲ.

ಮಾರ್ಚಿನಲ್ಲಿ ನಾವಿಬ್ಬರೂ ವಿಕ್ಟೋರಿಯಾದ ನೈಋತ್ಯ ಗಡಿಯಲ್ಲಿ ನಾಲ್ಕು ದಿನ ಅಲೆದೆವಲ್ಲ? ಹಾಳುಬಿದ್ದ ಮಿಷನ್ ಚರ್ಚುಗಳು, ಪಾದ್ರಿಯ ಹೆಸರನ್ನು ಮೊಳದುದ್ದ ಕೆತ್ತಿದ ಸ್ಮಾರಕಗಳು, ಅವನು ‘ಉದ್ಧರಿಸಿದ’ ಮೂಲನಿವಾಸಿಗಳ ಹೆಸರಿಲ್ಲದ ಗೋರಿಗಳು. ಇಲ್ಲಿನ ಕನ್ನಡ ಕೂಟದ ಕಾರ್ಯದರ್ಶಿ ಚಕ್ರಪಾಣಿಗೆ ಫೋನಿನಲ್ಲಿ ‘ಹಳೇ ಮಿಷನ್ ಫೋಟೋಗಳು’ ಎಂದಿದ್ದೆ. ನಮ್ಮವರಿಗೆ ಹಿಟ್ಟು ಬೀಸುವುದೂ ಮಿಷನ್ನೇ, ಬಟ್ಟೆ ಹೊಲಿಯುವುದೂ ಮಿಷನ್ನೇ. ಆಮಂತ್ರಣ ಅಚ್ಚಾಗಿ ಬಂತು: ‘ಪುರಾತನ ಯಂತ್ರಗಳ ಛಾಯಾಚಿತ್ರ ಪ್ರದರ್ಶನ’.

ನಿನ್ನೆ ಉದ್ಘಾಟನೆಗೆ ಜನ ಬಂದರು. ಇಲ್ಲೇ ಕಾಯಂ ನೆಲೆಸುವ ಪಿಆರ್ ಸಿಕ್ಕ ಮರುದಿನದಿಂದ ಕಲೆಯ ಮೇಲೆ ಪ್ರೀತಿ ಹುಟ್ಟಿದವರು. ಸುಜಾತಾ ಆಂಟಿ ಮೂರು ಸುತ್ತು ಹಾಕಿ, “ಹೊಲಿಗೆ ಮಿಷನ್ ಎಲ್ಲಿ ಇಂದ್ರೇಶ್? ನಮ್ಮಮ್ಮನ ಹತ್ರ ಇದ್ದಿದ್ದು ತೋರಿಸೋಣ ಅಂತ ಮಗಳನ್ನ ಎಳ್ಕೊಂಡು ಬಂದೆ” ಎಂದರು.

“ಮಮ್, ಇಟ್ಸ್ ಜಸ್ಟ್ ವಾಲ್ಸ್” ಎಂದಳು ಮಗಳು. ಇಡೀ ಸಭೆಯಲ್ಲಿ ಕಣ್ಣಿದ್ದವಳು ಅವಳೊಬ್ಬಳೇ.

ಶಿವಲಿಂಗಪ್ಪನವರು ಗೋರಿಗಳ ಚಿತ್ರದ ಮುಂದೆ ಕೈಕಟ್ಟಿ ನಿಂತರು. ಕರಗಿದರೇನೋ ಎಂದುಕೊಂಡೆ. “ಎಷ್ಟೊಂದು ಜಾಗ ವೇಸ್ಟ್ ಮಾಡ್ಯಾರ ನೋಡ್ರಿ! ನಮ್ಮ ಸಿಟಿ ಡಾಕ್‌ಲ್ಯಾಂಡ್ಸ್‌ನಾಗಿದ್ರ ಮೂವತ್ತು ಮಹಡಿ ಏಳ್ತಿತ್ತು” ಎಂದರು. ಕಣ್ಣು ಗೋಡೆಯ ಮೇಲೆ, ಮನಸ್ಸು ವಡೆಯ ಮೇಲೆ.

ಕೊನೆಗೆ ಚಕ್ರಪಾಣಿ ನನ್ನ ಕಿವಿಯ ಹತ್ತಿರ ಬಂದ. “ಬರೀ ಕಲ್ಲೇ ಆಯ್ತಲ್ರೀ. ಮನುಷ್ಯರಿರೋದು ಒಂದಾದ್ರೂ ಇಲ್ವಾ? ಜನಕ್ಕೆ ಬೋರ್ ಆಗ್ತಿದೆ.”

ಒಂದಿತ್ತು. ಕಾರಿನಿಂದ ತಂದು ತೂಗುಹಾಕಿದೆ. ಕಾಲು ಗಂಟೆ ಮುಂಚೆ ಕಲ್ಲು ಎಂದವರೇ ಕಲೆ ಎಂದರು. ಶಾಲು ಹೊದಿಸಿದರು, ಸೇಬಿನ ಹಾರ ಹಾಕಿದರು. ಅಧ್ಯಕ್ಷರು ನನ್ನನ್ನು ಕನ್ನಡದ ಹೆಮ್ಮೆ ಎಂದರು. ನನ್ನ ಹೆಸರನ್ನು ಮಾತ್ರ ಇಂದುಶೇಖರ್ ಎಂದರು.

ಇಂಥವರ ನಡುವೆ ನಿಮಗೇನು ಕೆಲಸ? ಜೂನಿನಲ್ಲಿ ಬನ್ನಿ, ಅಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ನಿಮ್ಮ ಮಗಳು ವಿನಿಷಾಳ ಪರೀಕ್ಷೆ ಚೆನ್ನಾಗಿ ಆಗಲಿ. ನಿಮ್ಮ ಮನೆಗೆ ಇನ್ನು ಮೇಲಾದರೂ ನೆಮ್ಮದಿಯ ದಿನಗಳು ಬರಲಿ.

ನಿನ್ನ,
ಇಂದ್ರೇಶ್

ತಾ.ಕ.: ಆ ಚಿತ್ರದಲ್ಲಿರುವುದು ನೀನು. ಸೂರಿಲ್ಲದ ಆ ಚರ್ಚಿನಲ್ಲಿ ಮಂಡಿಯೂರಿ, ಹ್ಯಾರಿಸ್ ಹೆಸರು ಹಿಡಿದು ಅಳುತ್ತಿದ್ದಾಗ ತೆಗೆದದ್ದು. ಮಗ ತೀರಿಕೊಂಡು ಎರಡು ವರ್ಷವಾದರೂ ಹೆಂಡತಿಯ ಎದುರು ಒಂದು ಹನಿ ಕಣ್ಣೀರು ಹಾಕದವನು ನೀನು. “ಹೇಜಲಿಗೆ ಗೊತ್ತಾಗುವುದು ಬೇಡ ಮಾರಾಯ, ಕ್ಯಾಮೆರಾ ಒಳಗಿಡು” ಎಂದು ನೀನು ಕೇಳಿಕೊಂಡಿದ್ದೆ. ಇಟ್ಟೆ ಎಂದು ನಾನು ಹೇಳಿದೆ. ಇಟ್ಟದ್ದು ತೆಗೆದಾದ ಮೇಲೆ. ಚಕ್ರಪಾಣಿ ಕೇಳಿದ್ದು ನೆಪ. ಫ್ರೇಮ್ ಹಾಕಿಸಿ ಕಾರಿನಲ್ಲಿ ತಂದಿಟ್ಟುಕೊಂಡವನು ನಾನೇ. ಇವತ್ತು ಬೆಳಿಗ್ಗೆ ಇಳಿಸಲೆಂದು ಹೋದೆ. ಅದರ ಮುಂದೆ ಇಬ್ಬರು ಮಾತಿಲ್ಲದೆ ನಿಂತಿದ್ದರು. ನನಗೆ ಹೆಮ್ಮೆಯಾಯಿತು ಕಮಿಲ್ಲಸ್. ಇಳಿಸದೆ ಬಂದೆ.