ಯುಪಿಎಸ್ ಬಾಯಿ ಮುಚ್ಚಿಸಿದ್ದು ನಾನು

ಗುರುವಾರ, ಸಂಜೆ

ಪ್ರೀತಿಯ ಸೊಸೆಗೆ,

ಮಾವನ ಆಶೀರ್ವಾದ. ಅಕ್ಕನ ಮನೆಗೆ ಬಂದು ಇವತ್ತಿಗೆ ಇಪ್ಪತ್ತಮೂರು ದಿನ. ತಲುಪಿದೆ ಎಂದು ಎರಡು ಸಾಲು ಬರೆಯಲಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ಸ್ನಾನಕ್ಕೆ ಹೋಗಿದ್ದಾನೆಂದು ಅಕ್ಕನ ಕೈಲಿ ಹೇಳಿಸಿದೆ. "ನಿನ್ನ ಸೊಸೆ ನಿನ್ನನ್ನ ಮೀನು ಅಂದ್ಕೊಂಡಿರ್ತಾಳೆ, ದಿನಕ್ಕೆ ಎಷ್ಟು ಸಲ ಸ್ನಾನ ಮಾಡ್ತೀಯೋ!" ಎಂದು ನಿನ್ನೆ ಅವಳೂ ಬೈದಳು. ತಪ್ಪು ನನ್ನದೇ. ಕ್ಷಮಿಸು.

ಇಲ್ಲಿ ಎಲ್ಲರೂ ಕ್ಷೇಮ. ಅಕ್ಕನ ಮಂಡಿನೋವು ಇದ್ದ ಹಾಗೇ ಇದೆ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕು. ಅವಳ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಕ್ಕದ ಮನೆಯ ಕರೆಗಂಟೆ ಎಲ್ಲ ರಿಪೇರಿ ಮಾಡಿ ಮುಗಿಸಿದೆ. "ನಲವತ್ತು ವರ್ಷ ರೇಡಿಯೋ ಅಂಗಡಿ ಇಟ್ಟ ಕೈ ಅಂದ್ರೆ ಸುಮ್ನೇನಾ!" ಎಂದು ಪಕ್ಕದ ಮನೆಯಾಕೆ ಹೊಗಳಿದರು. ನನಗೆ ತಲೆ ಎತ್ತಲಾಗಲಿಲ್ಲ.

ಮಧ್ಯಾಹ್ನ ಮಗ ಫೋನಿನಲ್ಲಿ ಹೇಳಿದ: "ಅವಳು ಮುಂದಿನ ಸಿನಿಮಾದ ಸಬ್‌ಟೈಟಲ್ ಕೆಲಸ ಬೇಡ ಅಂದ್ಬಿಟ್ಳಪ್ಪ. ಸೋಮವಾರ ಕಿವಿ ಡಾಕ್ಟರ್ ಹತ್ರ ಹೋಗ್ತಾಳಂತೆ. ಅವರಮ್ಮಂಗೆ ನಲವತ್ತಕ್ಕೇ ಕಿವಿ ಹೋಯ್ತಲ್ಲ, ತನಗೂ ಶುರುವಾಯ್ತು ಅಂತ ಹೆದರ್ಕೊಂಡಿದಾಳೆ." ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ತಾಯಿ, ನಿನ್ನ ಕಿವಿಗೆ ಏನೂ ಆಗಿಲ್ಲ. ಅದನ್ನು ಹೇಳಬೇಕಾದವನು ನಾನು, ಹೇಳದೆ ಓಡಿಬಂದವನೂ ನಾನೇ.

ನಿನ್ನ ಕಂಪ್ಯೂಟರಿನ ಯುಪಿಎಸ್, ಕರೆಂಟು ಹೋದರೆ ಹತ್ತೇ ನಿಮಿಷ ತಡೆಯುತ್ತಿತ್ತು. ನೀನು ಸಿನಿಮಾದ ಮಾತು ಕೇಳಿ ಕೇಳಿ ಬರೆಯುವ ಸಬ್‌ಟೈಟಲ್ ಅರ್ಧಕ್ಕೆ ಬಿಟ್ಟು, ಕಿಟಕಿ ಹತ್ತಿರ ಕೈಕಟ್ಟಿ ನಿಲ್ಲುವುದನ್ನು ನೋಡಲಾರದೆ ನಾನು ಅದರ ಹೊಟ್ಟೆ ಬಿಚ್ಚಿದೆ. ಒಳಗಿದ್ದ ಸೋಪಿನ ಗಾತ್ರದ ಬ್ಯಾಟರಿ ತೆಗೆದು, ತಂತಿಗಳನ್ನು ಹೊರಗೆಳೆದು, ಮೇಜಿನ ಕೆಳಗೆ ಎರಡು ದೊಡ್ಡ ಬ್ಯಾಟರಿ ಕೂರಿಸಿದೆ. ಆ ಭಾನುವಾರ ಮೂರು ಗಂಟೆ ಕರೆಂಟಿಲ್ಲದಿದ್ದರೂ ನೀನು ಕುರ್ಚಿ ಬಿಟ್ಟು ಏಳಲಿಲ್ಲ. "ಮಾವ, ಇನ್ಮೇಲೆ ಕರೆಂಟ್ ಬಿಲ್ ನಿಮ್ಮ ಹೆಸರಿಗೇ!" ಎಂದು ನೀನು ನಕ್ಕಾಗ ನಾನು ಉಬ್ಬಿಹೋದೆ.

ಆದರೆ ಆ ಮೂರು ಗಂಟೆಯೂ ಅದು ಬೀಪ್ ಬೀಪ್ ಎಂದು ಪ್ರಾಣ ತಿಂದಿತು. ಹೆಡ್‌ಫೋನ್ ಹಾಕಿಕೊಂಡಿದ್ದರೂ ನಿನಗೆ ಕೇಳಿಸುತ್ತಿತ್ತು, ಮುಖ ಸಿಂಡರಿಸುತ್ತಿದ್ದೆ. ಸೋಮವಾರ ನೀನು ಹೊರಗೆ ಹೋಗಿದ್ದಾಗ ಬೀಪರಿನ ತಂತಿ ಕತ್ತರಿಸಿಬಿಟ್ಟೆ. ನಿನಗೆ ಉಪಕಾರ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನ್ನ ಮಧ್ಯಾಹ್ನದ ನಿದ್ದೆಗೂ ಉಪಕಾರವೇ. ನಿನಗೊಂದು ಮಾತು ಹೇಳಲಿಲ್ಲ. ಬ್ಯಾಟರಿ ಮುಗಿಯುವ ಮುಂಚೆ ಎಚ್ಚರಿಸುವುದೂ ಅದೇ ಬೀಪರು ಎಂಬುದು ಈ ರಿಪೇರಿ ಪಂಡಿತನ ತಲೆಗೆ ಹೊಳೆಯಲೇ ಇಲ್ಲ.

ಮಂಗಳವಾರ ಬೆಳಿಗ್ಗೆ ಮತ್ತೆ ಕರೆಂಟು ಹೋಯಿತು. ಚಳಿಗೆ ಫ್ಯಾನೂ ಹಾಕಿರಲಿಲ್ಲ, ಹೋದದ್ದು ನಿನಗೆ ತಿಳಿಯುವುದಾದರೂ ಹೇಗೆ? ಭಾನುವಾರ ಬರಿದಾಗಿದ್ದ ಅಷ್ಟು ದೊಡ್ಡ ಬ್ಯಾಟರಿಗಳನ್ನು ಆ ಪುಟ್ಟ ಯುಪಿಎಸ್ ತುಂಬಿಸುವುದೆಂದರೆ ಚಮಚದಲ್ಲಿ ಹಂಡೆ ತುಂಬಿಸಿದ ಹಾಗೆ. ಅದನ್ನೂ ನಾನು ಯೋಚಿಸಿರಲಿಲ್ಲ. ಪರದೆ ಒಮ್ಮೆಲೇ ಕಪ್ಪಾಯಿತು. ಹನ್ನೊಂದು ದಿನ ನೀನು ಕೂತು ಮಾಡಿದ ಕೆಲಸದ ಫೈಲು ಮತ್ತೆ ತೆರೆಯಲೇ ಇಲ್ಲ. ಮರುದಿನ ನಾನು ಅಕ್ಕನ ಮಂಡಿನೋವಿನ ನೆಪ ಹೇಳಿ ಬಸ್ ಹತ್ತಿದೆ.

ಶನಿವಾರ ಅಕ್ಕ ಅಲ್ಲಿಗೆ ಬರುತ್ತಾಳೆ, ಈ ಕಾಗದ ನಿನ್ನ ಕೈಗೇ ಕೊಡುತ್ತಾಳೆ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಸಿನಿಮಾ ಬಿಡಬೇಡ, ಕೆಲಸ ಕೊಡುವ ಸ್ಟುಡಿಯೋದವರಿಗೆ ಈ ಕಾಗದವನ್ನೇ ತೋರಿಸು. ಮಗನಿಗೂ ಓದಿ ಹೇಳು, ಅವನು ಬೈದರೆ ಬೈಯಲಿ. ನಿನಗೆ ಆಯಸ್ಸು, ಆರೋಗ್ಯ, ಕೈತುಂಬ ಕೆಲಸ ಇರಲಿ. ನಿನ್ನ ಕಿವಿ ನೂರು ವರ್ಷ ಚುರುಕಾಗಿರಲಿ.

ಇತಿ,
ಮುಖ ತೋರಿಸಲಾಗದ ನಿನ್ನ ಮಾವ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು: ಇಷ್ಟು ಓದಿ ನೀನು ಕೇಳುತ್ತೀಯ, "ಮತ್ತೆ ಆ ಮಂಗಳವಾರ ಸಂಜೆ ಇವರು ಯುಪಿಎಸ್ ಪರೀಕ್ಷೆ ಮಾಡಿದಾಗ ಬೀಪ್ ಕೂಗಿತಲ್ಲ ಮಾವ?" ಎಂದು. ಕೂಗಿತು. ನೀನು ಸ್ಟುಡಿಯೋದವರ ಕೈಕಾಲು ಹಿಡಿಯಲು ಹೋಗಿದ್ದಾಗ, ಬಾಗಿಲು ಹಾಕಿಕೊಂಡು, ಆ ತಂತಿಯನ್ನು ಮತ್ತೆ ಬೆಸುಗೆ ಹಾಕಿದ್ದೆ. ಮಗ ಪ್ಲಗ್ ಕಿತ್ತು ನೋಡಿ, "ಇಷ್ಟು ಜೋರಾಗಿ ಕೂಗುತ್ತೆ, ನಿಂಗೆ ಕೇಳಿಸ್ಲೇ ಇಲ್ವಾ?" ಎಂದ. ನೀನು ಕಿವಿ ಮುಟ್ಟಿ ನೋಡಿಕೊಂಡೆ. "ಹೋಗ್ಲಿ ಬಿಡೋ, ಪಾಪ, ಬೈಬೇಡ ಅವಳನ್ನ" ಎಂದೆ ನಾನು, ದೊಡ್ಡ ಮನಸ್ಸಿನವನ ಹಾಗೆ. ಆಮೇಲೆ ನೀನು ನನ್ನ ಹತ್ತಿರ ಬಂದು, "ನನ್ನ ಪರವಾಗಿ ಮಾತಾಡಿದ್ದು ನೀವೊಬ್ರೇ ಮಾವ" ಎಂದು ಕಣ್ಣೊರೆಸಿಕೊಂಡೆ. ಅದನ್ನೂ ಕೇಳಿಸಿಕೊಂಡು ನಾನು, "ಇರ್ಲಿ ಬಿಡು ತಾಯಿ" ಎಂದೆ.