ಹಳೆಯ ಕಾರಿನ ತಳದಲ್ಲಿ ಒಂದು ಅಂಗೈ

ಫೆಬ್ರವರಿ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯಂಥವಳ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಹಾಗೇ ಇರುವೆಯೆಂದು ನಂಬಿದ್ದೇನೆ. ಉತ್ತರ ತಡವಾಯಿತೆಂದು ಮುನಿಯಬೇಡ. ಉಗುರಿನ ಸಂದಿಯಲ್ಲೆಲ್ಲ ಡಾಂಬರು. ಪೆನ್ನು ಹಿಡಿದರೆ ಕಾಗದವೆಲ್ಲ ಕಪ್ಪು. ಒಬ್ಬನೇ ಗಂಡನನ್ನು ಒಬ್ಬರಾದ ಮೇಲೊಬ್ಬರು ಸಹಿಸಿಕೊಂಡವರು ನಾವು, ಇಷ್ಟು ತಡವನ್ನೂ ನೀನು ಸಹಿಸಿಕೊಳ್ಳುತ್ತೀಯೆ.

ಆ ಹಳೆಯ ಕಾರನ್ನು ಮಾರಿಬಿಟ್ಟಿರಾ ಎಂದು ಕೇಳಿದ್ದೆಯಲ್ಲ? ಇಲ್ಲ. ನೀನು ಇವರಿಂದ ಬೇರೆಯಾಗಿ ಹೋದಾಗ ಅಂಬೆಗಾಲಿಡುತ್ತಿದ್ದ ನಿನ್ನ ಪುಟ್ಟಿಯೇ ಈಗ ಅದರ ಡಾಕ್ಟರು. "ಚಿಕ್ಕಿ, ಮೇಲಿನ ಬಣ್ಣ ಆಮೇಲೆ. ಮೊದಲು ತಳ ಉಳಿಸ್ಕೋಬೇಕು. ತಳ ತುಕ್ಕು ಹಿಡಿದ್ರೆ ಕಾರು ಬರೀ ಡಬ್ಬ," ಎಂದಳು. ಇಂಜಿನ್, ಸೀಟು, ಚಕ್ರ ಎಲ್ಲ ಬಿಚ್ಚಿ, ಗ್ಯಾರೇಜಿನ ಮೇಸ್ತ್ರಿಯ ತಿರುಗುವ ಚೌಕಟ್ಟಿಗೆ ಬಿಗಿದು, ಕಾರನ್ನು ಮೆಲ್ಲಗೆ ಮಗ್ಗುಲಾಗಿಸಿದರು. ಅಕ್ಕ, ಇಷ್ಟು ವರ್ಷ ಕೂತು ಓಡಾಡಿದ ಗಾಡಿಯ ಹೊಟ್ಟೆಯನ್ನು ನಾವು ಎಂದಾದರೂ ನೋಡಿದ್ದೇವೆಯೇ? ಪಕ್ಕೆಲುಬುಗಳ ಹಾಗೆ ಅಡ್ಡಪಟ್ಟಿಗಳು, ನಡುವೆ ಉದ್ದಕ್ಕೂ ಬೆನ್ನುಹುರಿಯಂಥ ಉಬ್ಬು. ನಾವೆಲ್ಲ ನಮಗರಿವಿಲ್ಲದೆ ದನಿ ತಗ್ಗಿಸಿಬಿಟ್ಟೆವು.

ತಳಕ್ಕೆಲ್ಲ ಹಳೆಯ ಕರಿಯ ಡಾಂಬರಿನ ಲೇಪ. "ಇದರಡಿ ನೀರು ನಿಂತು ಜರಡಿ ಆಗಿರುತ್ತೆ," ಎಂದು ಮೇಸ್ತ್ರಿ ಮೊದಲೇ ಕೈಚೆಲ್ಲಿದ. ಪುಟ್ಟಿ ಬಿಸಿಗಾಳಿ ಊದಿ ಹೆರೆಯತೊಡಗಿದಳು. ಲೇಪ ಎದ್ದಲ್ಲೆಲ್ಲ ಬೂದುಬಣ್ಣದ ತಗಡು, ನಿನ್ನೆ ಕಾರ್ಖಾನೆಯಿಂದ ಬಂದಹಾಗೆ! ಮೇಸ್ತ್ರಿ ನಂಬದೆ ಸುತ್ತಿಗೆಯಿಂದ ತಟ್ಟಿದ, ಠಣ್ ಎಂದಿತು. ತುಕ್ಕು ಹಿಂದಿನ ಚಕ್ರಗಳ ಕಮಾನಿನಲ್ಲಿ ಮಾತ್ರ. ನೀರು ಬಸಿದುಹೋಗುವ ಸಣ್ಣ ತೂತುಗಳಲ್ಲಿ ಒಂದನ್ನೂ ಮುಚ್ಚದೆ, ಸುತ್ತ ಜೋಪಾನವಾಗಿ ಬ್ರಶ್ ಆಡಿಸಿದ್ದರು. "ಅಂಗಡಿಯೋರು ಹೀಗೆ ಮಾಡಲ್ಲಮ್ಮ. ಯಾರೋ ಮುದ್ದು ಮಾಡಿ ಬಳಿದಿದ್ದಾರೆ," ಎಂದ.

ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಒಂದು ಹೆಜ್ಜೆ ಒಳಗೆ ಬಂದರು. "ಅದು ಅವಳೇ ಬಳಿದಿದ್ದು. ಆಗ ಪುಟ್ಟಿ ಹೊಟ್ಟೇಲಿದ್ಲು. ಬೇಡ ಅಂದ್ರೂ ಕೇಳದೆ ಚಾಪೆ ಹಾಸ್ಕೊಂಡು ಅಡಿಗೆ ತೂರಿದ್ಲು. ಮಗು ಓಡಾಡೋ ಗಾಡಿ, ನೆಲ ಗಟ್ಟಿ ಇರಬೇಕು ಅಂತಿದ್ಲು."

ಇಷ್ಟು ವರ್ಷ ಅವರು ಈ ವಿಷಯ ಬಾಯಿಬಿಟ್ಟಿರಲಿಲ್ಲ. ತುಂಬಿದ ಬಸುರಿ ನೀನು ಆ ಕಬ್ಬಿಣದಡಿ ಮಲಗಿ, ಮುಖದ ಮೇಲೆ ಡಾಂಬರು ತೊಟ್ಟಿಕ್ಕುತ್ತಿದ್ದರೂ ಮೂಲೆಮೂಲೆ ಬಿಡದೆ ಬಳಿದದ್ದನ್ನು ನೆನೆದು ನಾನೂ ಹೆರೆಯಲು ಕೈಹಚ್ಚಿದೆ.

ಆಗಲೇ ಡ್ರೈವರ್ ಸೀಟು ಇದ್ದ ಜಾಗದ ಅಡಿಯಲ್ಲಿ ಪುಟ್ಟಿಗೆ ಅದು ಕಂಡದ್ದು: ಹಸಿ ಲೇಪದಲ್ಲಿ ಒತ್ತಿದ ಒಂದು ಅಂಗೈ, ಐದೂ ಬೆರಳು. ಹೊರಗೆ ಜಾರಿಕೊಳ್ಳಲು ಊರಿದ್ದೆಯೇನೋ. ಪುಟ್ಟಿ ಕೈಗವಸು ಕಳಚಿ ತನ್ನ ಅಂಗೈಯನ್ನು ಅದರ ಮೇಲಿಟ್ಟಳು. ಅಳತೆ ತೆಗೆದು ಹೊಲಿದಂತೆ ಕೂತಿತು. ಮೇಸ್ತ್ರಿ ಟೋಪಿ ತೆಗೆದ.

ಈಗ ಕೆಲಸ ಮುಗಿದಿದೆ. ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದು, ಪ್ರೈಮರ್ ಹೊಡೆದು, ಕಲ್ಲೇಟು ತಡೆಯುವ ಲೇಪ ಕೊಟ್ಟು, ಅಡ್ಡಪಟ್ಟಿಗಳ ಟೊಳ್ಳುಗಳೊಳಗೆ ಮೇಣ ತುಂಬಿದ್ದಾಯಿತು. ಆ ಅಂಗೈಯನ್ನು ಮಾತ್ರ ಹೆರೆಯಲು ಪುಟ್ಟಿ ಬಿಡಲಿಲ್ಲ. ಅದರ ಮೇಲೆ ತಿಳಿಮೇಣ ಬಳಿದಳು. "ಅಲ್ಲಿ ತುಕ್ಕು ಬಂದ್ರೆ?" ಎಂದೆ. "ಇಷ್ಟು ವರ್ಷ ಬಂದಿಲ್ವಲ್ಲ ಚಿಕ್ಕಿ," ಎಂದಳು. ನಿನ್ನೆ ತಾನಾಗಿ ನಿನ್ನ ವಿಳಾಸ ಕೇಳಿದಳು. ಕೊಟ್ಟಿದ್ದೇನೆ.

ಒಮ್ಮೆ ಬಂದು ಹೋಗು. ದೊಡ್ಡವಳು ನೀನು, ನಮ್ಮನ್ನು ಹರಸು. ಚಿಕ್ಕವಳಾದರೂ ನಾನೂ ಹರಸುತ್ತೇನೆ, ನಿನ್ನ ಕೈಗಳು ತಣ್ಣಗಿರಲಿ.

ನಿನ್ನ,
ಪುಟ್ಟಿಯ ಚಿಕ್ಕಿ

ತಾ.ಕ.: ಬರೆಯಬಾರದೆಂದುಕೊಂಡಿದ್ದೆ. ಅಂಗೈ ಇಟ್ಟಾಗ ಪುಟ್ಟಿ "ಅಮ್ಮಾ" ಎಂದಳು. ಎತ್ತಿ ಆಡಿಸಿದಂದಿನಿಂದ ಅವಳ ಬಾಯಲ್ಲಿ ನಾನು ಆ ಮಾತು ಕೇಳಿರಲಿಲ್ಲ. ಬೆನ್ನ ಹಿಂದೆಯೇ ನಿಂತಿದ್ದೆ, "ಏನು ಕಂದಾ?" ಎಂದುಬಿಟ್ಟೆ. ಅವಳು ತಿರುಗಿ ನೋಡಲಿಲ್ಲ.